ಹೆಪ್ಪಾಗದ ಬಟ್ಟಲು

೧೭ ನವೆಂಬರ್ ೧೯೭೭, ಗುರುವಾರ. ಸಿಂದಗಿ

ಝೂವಾಲಜಿ ಪ್ರಾಕ್ಟಿಕಲ್ ಮುಗಿಸಿ ಬಂದೆ. ಕೈಗೆ ಇನ್ನೂ ಫಾರ್ಮಾಲಿನ್ ವಾಸನೆ. ಇವತ್ತು ಸ್ಪಂಜು, ಮೈಯೆಲ್ಲ ತೂತಿರುವ ಪ್ರಾಣಿ. ಟೇಬಲ್ ಮೇಲೆ ಒಂದೇ ಜಾರ್, ಅದರ ಮೇಲೆ ಚೀಟಿ — ‘ಸೈಕಾನ್, ಸಮುದ್ರವಾಸಿ’. ಒಳಗೆ ಮಾಸಲು ಬಿಳಿಯ ಕೊಳವೆಗಳು, ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಮೂರು. ಮತ್ತೆ ಎಣಿಸಿದೆ. ಮೂರೇ. ಹೆದರಿಕೆಯಾದಾಗ ಎಣಿಸುವ ಚಟ ನನಗೆ. ಮೆಟ್ಟಿಲು, ಕಿಟಕಿಯ ಸರಳು, ಏನು ಸಿಕ್ಕರೆ ಅದು.

ಎಲ್ಲರ ಜರ್ನಲ್‌ನಲ್ಲಿ ಮಾತ್ರ ನಾಲ್ಕು ಕೊಳವೆ. ಇಲ್ಲಿನ ಪದ್ಧತಿ ಹಾಗೆ. ಹೋದ ವರ್ಷದವರ ಜರ್ನಲ್ ತಂದು, ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಬಿಸಿಲಿನ ಬೆಳಕಿನಲ್ಲಿ ಫಿಗರ್ ಇಳಿಸಿಕೊಳ್ಳುವುದು. ಅವರು ಅದರ ಹಿಂದಿನ ವರ್ಷದವರದನ್ನು ಇಳಿಸಿರುತ್ತಾರೆ. ಅಟೆಂಡರ್ ಧೂಳಪ್ಪನನ್ನು ಕೇಳಿದೆ. ನಾಲ್ಕನೆಯ ಕೊಳವೆ ಜಾರ್ ತೊಳೆಯುವಾಗ ಮುರಿದು ಎಂಟು ವರ್ಷವಾಯಿತಂತೆ.

ನಾನು ಮೂರು ಬರೆದೆ. ಶ್ರೀಶೈಲಪ್ಪ ಸರ್ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ‘ಇನ್‌ಕಂಪ್ಲೀಟ್’ ಎಂದು ಬರೆದರು. ಜಾರ್‌ನಲ್ಲಿ ಮೂರೇ ಇವೆ ಎಂದೆ.

“ಜಾರ್ ನೋಡಿ ಯಾರವ್ವಾ ಫಿಗರ್ ತೆಗೀತಾರ?”

ಹುಡುಗರೆಲ್ಲ ನಕ್ಕರು. ಆದರೂ ನಾಲ್ಕನೆಯದನ್ನು ಸೇರಿಸಲಿಲ್ಲ.

೨೪ ನವೆಂಬರ್. ಆಲಮೇಲ

ಬಕ್ರೀದ್‌ಗೆ ಊರಿಗೆ ಬಂದಿದ್ದೇನೆ. ದಾದಾ, ನನ್ನ ಅಜ್ಜ, ಮೂರು ಕೊಳವೆಯ ಕಥೆ ಕೇಳಿ ಕಪಾಟಿನ ಮೇಲಿನ ತಗಡಿನ ಡಬ್ಬಿ ಇಳಿಸಿದರು. ಅವರು ಹಕೀಮ ಬಂದಗಿಸಾಬ. ಆಲಮೇಲದಲ್ಲಿ ಕುಡುಗೋಲು ತಾಗಿದವರು, ಮೂಗಿನಿಂದ ರಕ್ತ ಬಂದವರು ಇವತ್ತಿಗೂ ಮೊದಲು ಬರುವುದು ನಮ್ಮ ಕಟ್ಟೆಗೆ. ಡಬ್ಬಿಯಲ್ಲಿ ಕಂದು ಬಣ್ಣದ, ತೂತು ತೂತಾದ ಹಗುರ ಗಡ್ಡೆ. ಇಸ್ಫಂಜ್. ಮುಂಬಯಿಯಿಂದ ತರಿಸುವ ಸಮುದ್ರದ ಮಾಲು. ಸುಟ್ಟು ಬೂದಿ ಮಾಡಿ ಗಾಯಕ್ಕೆ ಒತ್ತಿದರೆ ರಕ್ತ ನಿಲ್ಲುತ್ತದಂತೆ.

ಹದಿನೆಂಟು ವರ್ಷ ಈ ಡಬ್ಬಿಯ ಕೆಳಗೇ ಓಡಾಡಿದ್ದೇನೆ. ಅದು ಸ್ಪಂಜು ಎಂದು ತಿಳಿಯಲು ಸಿಂದಗಿಗೆ ಹೋಗಬೇಕಾಯಿತು! ಅದಕ್ಕೂ ಮೊದಲು ಏಳು ವರ್ಷ ಗದಗಿನ ಮಿಶನ್ ಹಾಸ್ಟೆಲ್. ಕನ್ನಡ ಅರ್ಧ, ಇಂಗ್ಲಿಷ್ ಅರ್ಧ, ಮನೆಯ ಮಾತು ಅದರೊಳಗೆ ಅರ್ಧ. ಲೆಕ್ಕ ಯಾವತ್ತೂ ಸರಿ ಹೋಗಿಲ್ಲ.

ಸಂಜೆ ಅಮ್ಮಾನ ಜೊತೆ ಹೊಳೆಗೆ ಹೋದೆ. ಭೀಮೆ ಇಳಿದಿದ್ದಾಳೆ. ಒಂದು ಕಲ್ಲಿನ ಮೇಲೆ ಬಟ್ಟೆ ಒಗೆಯಬೇಡ ಎಂದು ಅಮ್ಮಾ ಕೈ ಹಿಡಿದು ಎಳೆದರು. ತುರಿಕೆ ಪಾಚಿಯಂತೆ, ಮುಟ್ಟಿದರೆ ಎರಡು ದಿನ ಕೈ ಉರಿಯುತ್ತದಂತೆ. ಬಗ್ಗಿ ನೋಡಿದೆ. ಹಸಿರು. ದಪ್ಪ ರೊಟ್ಟಿಯಂತೆ ಕಲ್ಲಿಗೆ ಅಂಟಿದೆ. ಆದರೆ ಮೇಲೆಲ್ಲ ತೂತು. ಸಾಲಾಗಿ, ಬಾಯಿಯಂಥ ತೂತುಗಳು.

ಪಾಚಿಗೆ ಎಲ್ಲಿ ಬಾಯಿ ಇರುತ್ತದೆ?

೨೭ ನವೆಂಬರ್, ರವಿವಾರ. ಸಿಂದಗಿ

ಉಪ್ಪಿನಕಾಯಿ ಭರಣಿಯಲ್ಲಿ ಹೊಳೆನೀರು, ನೀರಲ್ಲಿ ಕಲ್ಲು, ಕಲ್ಲಿನ ಮೇಲೆ ಅದು. ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಬಂದೆ. ಕಂಡಕ್ಟರ್ ಮಾವಿನಕಾಯಿಯೋ ನಿಂಬೆಯೋ ಎಂದು ಕೇಳಿದ. ನಿಂಬೆ ಎಂದೆ.

ಹಾಸ್ಟೆಲ್ ಎಂದರೆ ಬಾಡಿಗೆ ಮನೆ, ಹತ್ತು ಹುಡುಗಿಯರು. ಹಿತ್ತಿಲಿನಲ್ಲಿ ನೀರು ತುಂಬಿಡುವ ಕಲ್ಲಿನ ದೋಣಿಯಲ್ಲಿ ಇಟ್ಟೆ. ರೂಮ್‌ಮೇಟ್ ಇಂದ್ರಾ ನೋಡಿ, ಇದಕ್ಕೆ ಹೆಸರಿಡುವ ಕಾರ್ಯಕ್ರಮ ಯಾವತ್ತು ಎಂದಳು. ಹೊರ್ತಿಯವಳು, ಬಾಯಿ ಸುಮ್ಮನಿರುವುದಿಲ್ಲ.

ಚಿಟಿಕೆ ಅರಿಷಿಣ ನೀರಿಗೆ ಬಿಟ್ಟೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹಳದಿ ಕಣಗಳು ಹಸಿರಿನ ಮೈಗೆ ಹೋಗಿ ಅಂಟಿದವು. ದೊಡ್ಡ ತೂತಿನ ಮುಂದಿದ್ದ ಕಣಗಳು ಮಾತ್ರ ಯಾರೋ ಊದಿದಂತೆ ದೂರ ಸರಿದವು. ಒಳಗೆ ಎಳೆದು ಹೊರಗೆ ಬಿಡುತ್ತಿದೆ. ಉಸಿರಾಟದ ಹಾಗೆ. ಇಂದ್ರಾ ನಗುವುದನ್ನು ನಿಲ್ಲಿಸಿದಳು.

೧ ಡಿಸೆಂಬರ್

ಸರ್‌ಗೆ ತೋರಿಸಿದೆ. ಪಾಚಿ ಎಂದರು. ಅರಿಷಿಣದ ವಿಷಯ ಹೇಳಿದೆ. ಸ್ಪಂಜು ಸಮುದ್ರದ ಪ್ರಾಣಿ, ಸಿಲೆಬಸ್‌ನಲ್ಲಿ ಸೈಕಾನ್ ಇದೆ, ಭೀಮಾ ನದಿ ಇಲ್ಲ ಎಂದರು. ಕೆಟ್ಟವರಲ್ಲ ಅವರು. ಇಲ್ಲೇ ರೂಮು ಹಿಡಿದು, ವಾರಕ್ಕೊಮ್ಮೆ ಬಸವನ ಬಾಗೇವಾಡಿಯ ಮನೆಗೆ ಹೋಗಿ ಬರುವ ಟೆಂಪರರಿ ಲೆಕ್ಚರರ್, ಇಡೀ ಡಿಪಾರ್ಟ್‌ಮೆಂಟ್‌ಗೆ ಒಬ್ಬರೇ. ಎರಡು ವರ್ಷದ ಹಿಂದೆ ಪರೀಕ್ಷೆ ಮಾಡಲು ಬೇರೆ ಕಾಲೇಜಿನಿಂದ ಬಂದ ಎಕ್ಸ್‌ಟರ್ನಲ್ ಯಾರದೋ ಜರ್ನಲ್ ಹಿಡಿದು ತಪ್ಪು ಎತ್ತಿದ್ದರಂತೆ. ಅಂದಿನಿಂದ ಎಲ್ಲರದೂ ಒಂದೇ ಥರ ಇರಬೇಕು.

ಮಧ್ಯಾಹ್ನ ಧೂಳಪ್ಪ ಮೈಕ್ರೋಸ್ಕೋಪಿನ ಮೇಲಿನ ಬಟ್ಟೆ ತೆಗೆದು, ಹತ್ತು ನಿಮಿಷ ಎಂದು ಬಾಗಿಲಲ್ಲಿ ನಿಂತ. ಚೂರು ಉಜ್ಜಿ ಗಾಜಿನ ಮೇಲಿಟ್ಟೆ. ಸೂಜಿಗಳು! ಗಾಜಿನ ಸೂಜಿಗಳು, ಅಡ್ಡಾದಿಡ್ಡಿ, ನೂರಾರು. ಅಮ್ಮಾ ಹೇಳಿದ ತುರಿಕೆ ಇದೇ. ಸೂಜಿಗಳ ನಡುವೆ ಹಸಿರು ಚುಕ್ಕೆಗಳು, ಅವುಗಳಿಗಿಂತ ಸಣ್ಣದಾಗಿ ಇನ್ನೂ ಏನೋ ಮಿಸುಕುತ್ತಿತ್ತು.

ಸ್ಪಂಜೇ. ನನ್ನ ಕಣ್ಣಾರೆ.

೯ ಡಿಸೆಂಬರ್

ಗದಗಿನ ಸೈನ್ಸ್ ಮಿಸ್‌ಗೆ ಬರೆದಿದ್ದೆ. ಉತ್ತರದ ಜೊತೆ ಒಂದು ಇಂಗ್ಲಿಷ್ ಮ್ಯಾಗಜೀನ್ ಕಳಿಸಿದ್ದಾರೆ. ನದಿಯಲ್ಲೂ ಸ್ಪಂಜು ಇರುತ್ತವೆ, ಧೈರ್ಯವಾಗಿರು ಎಂದು ಒಂದೇ ಸಾಲು.

ಮ್ಯಾಗಜೀನ್ ಮೂರು ಸಲ ಓದಿದೆ. ಡಿಕ್ಷನರಿ ಹಿಡಿದು. ಸಮುದ್ರದ ಸ್ಪಂಜು ಓಡಲಾರದು, ಕಚ್ಚಲಾರದು, ಆದರೂ ಅದನ್ನು ತಿನ್ನುವವರು ಕಡಿಮೆ, ಅದು ಸುಲಭಕ್ಕೆ ಕೊಳೆಯುವುದೂ ಇಲ್ಲ. ಮೈಯಲ್ಲಿ ಔಷಧಿಯಂಥ ರಸಗಳಿವೆ. ಒಂದು ಸ್ಪಂಜಿನ ರಸದ ಮಾದರಿ ಹಿಡಿದು ರಕ್ತದ ಕ್ಯಾನ್ಸರಿಗೆ ಮದ್ದು ಮಾಡಿದ್ದಾರೆ. ಇನ್ನೊಂದು ಮಾತು — ಕೆಲವು ಸ್ಪಂಜುಗಳ ಮೈಯ ಮೂರರಲ್ಲಿ ಒಂದು ಪಾಲು ಸ್ಪಂಜೇ ಅಲ್ಲ. ಬ್ಯಾಕ್ಟೀರಿಯಾ. ಕೋಟಿಗಟ್ಟಲೆ, ಒಳಗೇ ಸಂಸಾರ ಹೂಡಿವೆ. ಹಾಗಾದರೆ ಆ ಔಷಧಿ ಯಾರದು? ಮನೆಯದೋ, ಮನೆಯಲ್ಲಿ ಇರುವವರದೋ? ಇನ್ನೂ ಯಾರಿಗೂ ಗೊತ್ತಿಲ್ಲವಂತೆ.

ಯಾರಿಗೂ ಗೊತ್ತಿಲ್ಲ ಎಂದು ಒಂದು ಪುಸ್ತಕ ಹೇಳಿದ್ದನ್ನು ಮೊದಲ ಸಲ ಓದಿದೆ. ನಮ್ಮ ಜರ್ನಲ್‌ಗಳಿಗೆ ಎಲ್ಲವೂ ಗೊತ್ತು.

೧೫ ಡಿಸೆಂಬರ್. ಸಂಜೆ

ನಮ್ಮ ಹೊಳೆಯ ಸ್ಪಂಜಿನ ರಸವೂ ಬ್ಯಾಕ್ಟೀರಿಯಾ ಕೊಲ್ಲುತ್ತದೋ ಇಲ್ಲವೋ ನೋಡಲು ನನಗೆ ಯಾವ ಲ್ಯಾಬ್ ಇದೆ? ಊಟಕ್ಕೆ ಕೂತಾಗ ಹೊಳೆಯಿತು. ಚಂದವ್ವ, ನಮ್ಮ ಅಡಿಗೆಯಾಕೆ, ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಮೊಸರು ಅಂದರೇನು? ಬ್ಯಾಕ್ಟೀರಿಯಾ ಬೆಳೆದ ಹಾಲು. ಅವುಗಳನ್ನು ತಡೆದರೆ ಹಾಲು ಹಾಲಾಗಿಯೇ ಉಳಿಯಬೇಕು.

ನನ್ನ ಪಾಲಿನ ಹಾಲು ಚಹಾಕ್ಕೆ ಬೇಡವೆಂದು ಹೇಳಿ ನಾಲ್ಕು ಬಟ್ಟಲಿಗೆ ಹಂಚಿದೆ. ಎಲ್ಲಕ್ಕೂ ಒಂದೇ ಅಳತೆಯ ಹೆಪ್ಪು. ಒಂದು — ಬರೀ ಹಾಲು. ಎರಡು — ಹಸಿ ಸ್ಪಂಜಿನ ಚೂರು. ಮೂರು — ಕುದಿಸಿದ ಸ್ಪಂಜು. ನಾಲ್ಕು — ಹೊಳೆಯ ನಿಜವಾದ ಪಾಚಿ. ಒಲೆಯ ಪಕ್ಕದ ಗೂಡಿನಲ್ಲಿ ಸಾಲಾಗಿ.

೧೬ ಡಿಸೆಂಬರ್

ಒಂದು, ಮೂರು, ನಾಲ್ಕು — ಮೊಸರು. ಎರಡು — ಹಾಲು. ಬಟ್ಟಲು ಓರೆ ಮಾಡಿದರೆ ಹರಿಯುತ್ತದೆ!

ಚಂದವ್ವ ಇಣುಕಿ ನೋಡಿ ಲೊಚಗುಟ್ಟಿದಳು. ಸೈನ್ಸ್ ಓದುವ ಹುಡುಗಿಗೆ ಹೆಪ್ಪು ಹಾಕಲು ಬರುವುದಿಲ್ಲ, ಮುಂದೆ ಹೇಗೆ ಎಂದು ಎಲ್ಲರ ಮುಂದೆ ಮರುಗಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬಿಡಿಸಿ ಹೇಳಲಿಲ್ಲ.

೧೬ ಜನವರಿ ೧೯೭೮

ಇಲ್ಲಿಯವರೆಗೆ ನಾಲ್ಕು ಟ್ರಯಲ್. ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಎರಡನೆಯ ಟ್ರಯಲ್ ಮೊದಲಿನ ಹಾಗೇ. ಮೂರನೆಯದರಲ್ಲಿ ಹಸಿ ಸ್ಪಂಜಿನ ಬಟ್ಟಲು ಅರ್ಧ ಹೆಪ್ಪಾಗಿತ್ತು. ಯಾಕೋ ಗೊತ್ತಿಲ್ಲ. ನಾಲ್ಕನೆಯದಕ್ಕೆ ಒಂದು ಕಲ್ಲನ್ನು ಬಕೆಟ್ಟಿನಲ್ಲಿಟ್ಟು ಮೇಲೆ ಕರಿ ಕಂಬಳಿ ಮುಚ್ಚಿದ್ದೆ, ಹನ್ನೆರಡು ದಿನ. ಸ್ಪಂಜು ಸತ್ತಿರಲಿಲ್ಲ, ಅರಿಷಿಣ ಎಳೆಯುತ್ತಿತ್ತು. ಹಸಿರು ಮಾತ್ರ ಹೋಗಿ ಬೂದಿ ಬಣ್ಣವಾಗಿತ್ತು. ಆ ಚೂರು ಹಾಕಿದ ಹಾಲು ಪೂರ್ತಿ ಮೊಸರಾಯಿತು. ಅಂದರೆ ಒಳಗಿದ್ದವರು ಬೆಳಕಿಲ್ಲದೆ ಹೋದರು, ಔಷಧಿಯೂ ಹೋಯಿತು? ಇರಬಹುದು. ಒಂದೇ ಸಲ ಮಾಡಿದ್ದೇನೆ. ಒಂದೇ ಸಲದ್ದನ್ನು ನಂಬಬಾರದು.

ದಾದಾನ ಸಮುದ್ರದ ಇಸ್ಫಂಜ್ ಚೂರನ್ನೂ ಹಾಕಿ ನೋಡಿದೆ. ಮೊಸರಾಯಿತು. ಸಂಕ್ರಾಂತಿ ರಜೆಯಲ್ಲಿ ಅವರಿಗೆ ಹೇಳಿದೆ. ಕುಟ್ಟಾಣಿ ನಿಲ್ಲಿಸಿ ನಕ್ಕರು.

“ಬೇಟಿ, ಅದು ಖಾಲಿ ಮನಿ. ಮನ್ಯಾಗಿದ್ದವ್ರು ಸಮುದ್ರದ ದಂಡಿಮ್ಯಾಗ ಸತ್ತು ಹೋಗ್ಯಾರ. ಗ್ವಾಡಿ ಬಡದು ಕೇಳಿದ್ರ ಏನ್ ಹೇಳೀತು?”

ಐವತ್ತು ವರ್ಷ ಆ ಬೂದಿ ಮಾರಿದ ಮನುಷ್ಯ!

೨೦ ಫೆಬ್ರವರಿ

ಒಂದು ತಿಂಗಳು ಏನೂ ಬರೆದಿಲ್ಲ. ಜರ್ನಲ್ ಬರೆಯುತ್ತಿದ್ದೆ. ಮೂವತ್ತೊಂದರಿಂದ ಮೂವತ್ನಾಲ್ಕು, ನಾಲ್ಕು ಪುಟ. ‘ಭೀಮಾ ನದಿಯ ಸ್ಪಂಜು — ನಾಲ್ಕು ಟ್ರಯಲ್’. ಅರ್ಧ ಹೆಪ್ಪಾದದ್ದನ್ನೂ ಬರೆದೆ. ಇವತ್ತು ಎಲ್ಲರದೂ ಸಬ್ಮಿಟ್.

ಸರ್ ಮೂವತ್ತೊಂದನೆಯ ಪುಟದಲ್ಲಿ ನಿಂತರು. ಬಹಳ ಹೊತ್ತು ಓದಿದರು, ಅದೇ ನನಗೆ ಆಶ್ಚರ್ಯ. ಆಮೇಲೆ ಮುಚ್ಚಿದರು. ಸರ್ಟಿಫಿಕೇಟ್ ಪುಟಕ್ಕೆ ಸಹಿ ಹಾಕುವುದಿಲ್ಲ, ಈ ನಾಲ್ಕು ತೆಗೆ ಎಂದರು.

ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂಡಿಸುವುದಿಲ್ಲ. ಕೂಡದಿದ್ದರೆ ವರ್ಷ ಹೋಗುತ್ತದೆ. ವರ್ಷ ಹೋದರೆ ಹಾಸ್ಟೆಲ್ ಸೀಟು ಹೋಗುತ್ತದೆ, ಆಮೇಲೆ ಆಲಮೇಲದ ಮನೆ, ಅಲ್ಲಿಗೆ ಓದು ಮುಗಿಯಿತು. ಪರೀಕ್ಷೆ ಮಾರ್ಚ್ ಹದಿನಾಲ್ಕು. ಇಪ್ಪತ್ತೆರಡು ದಿನ. ಕಿಟಕಿಯ ಸರಳು ಒಂಬತ್ತು.

೨೮ ಫೆಬ್ರವರಿ

ಎಂಟು ದಿನದಲ್ಲಿ ಮೂರು ಸಲ ಹೋದೆ. ಇಂದು ಸರ್‌ಗೆ ಸಿಟ್ಟು ಬಂತು. ಚಳಿಗಾಲದಲ್ಲಿ ಮೊಸರು ಆಗದಿರುವುದು ಸೈನ್ಸ್ ಅಲ್ಲ, ಚಳಿ ಎಂದರು. ಪಕ್ಕದ ಬಟ್ಟಲಿಗೆ ಚಳಿ ಯಾಕೆ ಹತ್ತಲಿಲ್ಲ ಎಂದೆ.

ಕೊನೆಗೆ, ನನ್ನ ಕಣ್ಣ ಮುಂದೆ ಒಂದು ಸಲ ಮಾಡು ಎಂದರು. ಹಾಗೇ ಆದರೆ ಸಹಿ. ಆಗದಿದ್ದರೆ ಪುಟ ಹರಿ, ಮತ್ತೆ ಈ ಮಾತು ಎತ್ತಬೇಡ. ಒಪ್ಪಿದೆ.

೨ ಮಾರ್ಚ್, ಗುರುವಾರ

ಮೊನ್ನೆ ಸಂಜೆಯೇ ದಾದಾಗೆ ಚೀಟಿ ಬರೆದು ಬಸ್ಸಿನವನ ಕೈಗೆ ಕೊಟ್ಟಿದ್ದೆ. ನಿನ್ನೆ ಹೊಸ ಕಲ್ಲು ಬಂತು. ಹಸಿರಾಗಿದೆ, ಅರಿಷಿಣ ಎಳೆಯುತ್ತಿದೆ.

ಸಂಜೆ ಐದಕ್ಕೆ ಲ್ಯಾಬ್‌ನಲ್ಲಿ ಸರ್ ಎದುರೇ ಹಾಲು, ಹೆಪ್ಪು, ಚೂರು. ಎಲ್ಲ ಅಳತೆ ಅವರ ಕೈಯಿಂದಲೇ. ನಾಲ್ಕೂ ಬಟ್ಟಲಿಗೆ ಬಟ್ಟೆ ಮುಚ್ಚಿ ತಾವೇ ದಾರ ಕಟ್ಟಿದರು. ಲ್ಯಾಬ್‌ನ ಅರ್ಧ ಕಿಟಕಿಗಳಿಗೆ ಗಾಜಿಲ್ಲ, ಗಾಳಿ. ಅದಕ್ಕೇ ಬಟ್ಟಲುಗಳು ಹಾಸ್ಟೆಲಿನ ಒಲೆಯ ಗೂಡಿಗೆ ಬಂದವು. ನಾಳೆ ಎಂಟಕ್ಕೆ ಸರ್ ಹಾಸ್ಟೆಲಿನ ಕಟ್ಟೆಗೆ ಬರುತ್ತಾರೆ. ಅವರು ಬರುವುದು ಬಟ್ಟಲು ನೋಡಲಿಕ್ಕೆ ಎಂದು ಚಂದವ್ವನಿಗೆ ಹೇಳಿ ಮಲಗುತ್ತಿದ್ದೇನೆ.

೩ ಮಾರ್ಚ್

ನಾಲ್ಕೂ ಮೊಸರು.

ಎರಡನೆಯದು ಎಲ್ಲಕ್ಕಿಂತ ಗಟ್ಟಿ. ಚಾಕು ಹಾಕಿದರೆ ಹೋಳಾಗುವ ಹಾಗೆ.

ಸರ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಇನ್ನು ಪುಟ ತೆಗೆದುಬಿಡು ಎಂದು ಮೆತ್ತಗೆ ಹೇಳಿ ಹೋದರು. ನಾನು ಕಟ್ಟೆಯ ಮೇಲೆಯೇ ಕೂತಿದ್ದೆ. ಕಾಲೇಜಿಗೆ ಹೋಗಲಿಲ್ಲ.

ಹಾಗಾದರೆ ಮೊದಲ ಎರಡು ಟ್ರಯಲ್? ಕಣ್ಣು ಸುಳ್ಳೇ?

೪ ಮಾರ್ಚ್, ಶನಿವಾರ. ಮಧ್ಯಾಹ್ನ

ಊಟಕ್ಕೆ ಬಡಿಸುತ್ತ ಚಂದವ್ವ ತಾನಾಗಿಯೇ ಹೇಳಿದಳು. ನನ್ನ ಸಪ್ಪೆ ಮುಖ ನೋಡಿ ಸಮಾಧಾನ ಮಾಡಲಿಕ್ಕೆ.

“ಯಾಕ ಹಿಂಗ ಕುಂತಿ ತಂಗಿ? ನಿನ್ನ ಮಾನ ಉಳಿಸೇನಿ ನಾ. ನಸಿಕಿನ್ಯಾಗ ಎದ್ದು ನೋಡಿದ್ರ ಒಂದ ಬಟ್ಟಲ ಕೈ ಕೊಟ್ಟಿತ್ತು, ಹಾಲು ಹಾಲಾಗೇ ಇತ್ತು. ಒಳಗ ಏನೋ ಹಸರು ಕಸಾ ಬ್ಯಾರೆ. ಕಸಾ ತಗದ ಒಗದು, ಎರಡ ಚಮಚಾ ಹೆಪ್ಪ ಹಾಕಿ, ಒಲಿ ಬೂದ್ಯಾಗ ಇಟ್ಟೆ. ಸರ್ ಬರೂದ್ರಾಗ ಹೆಂಗ ಕುಂತಿತ್ತ ನೋಡಿದಿಲ್ಲ?”

ದಾರ ಬಿಚ್ಚಿ, ಮತ್ತೆ ಅದೇ ಗಂಟು ಹಾಕಿದ್ದಳು. ಅವಳ ಅಡಿಗೆಮನೆಯಲ್ಲಿ ಹೆಪ್ಪಾಗದ ಬಟ್ಟಲನ್ನು ಕಾಲೇಜಿನ ಸರ್ ನೋಡುವುದೆಂದರೆ ಅವಳಿಗೆ ಸಹಿಸಲಾಗದ ಮಾತು. ಮೂರು ತಿಂಗಳು ಅವಳ ಗೂಡು, ಅವಳ ಬಟ್ಟಲು, ಅವಳ ಹೆಪ್ಪು ಬಳಸಿದೆ. ಎರಡನೆಯ ಬಟ್ಟಲು ಹೆಪ್ಪಾಗಬಾರದು, ಅದೇ ಗೆಲುವು ಎಂದು ಒಂದು ದಿನವೂ ಹೇಳಲಿಲ್ಲ. ಅವಳಿಗೆ ಏನು ತಿಳಿಯುತ್ತದೆ ಎಂದುಕೊಂಡೆನಲ್ಲ... ತಪ್ಪು ನನ್ನದು.

ಆದರೆ ಹಾಲು ಹಾಲಾಗಿಯೇ ಇತ್ತು! ನಸುಕಿನಲ್ಲಿ, ಹನ್ನೊಂದು ತಾಸಾದ ಮೇಲೂ!

೬ ಮಾರ್ಚ್, ಸೋಮವಾರ

ಮೂವತ್ತೈದನೆಯ ಪುಟ ಬರೆದೆ. ‘ಟ್ರಯಲ್ ಐದು. ಕೆಟ್ಟಿತು. ಎರಡನೆಯ ಬಟ್ಟಲಿನಿಂದ ಸ್ಪಂಜು ತೆಗೆದು, ಇನ್ನೊಬ್ಬರು ಮತ್ತೆ ಹೆಪ್ಪು ಹಾಕಿದರು. ಅಲ್ಲಿಯವರೆಗೆ ಹಾಲು ಹೆಪ್ಪಾಗಿರಲಿಲ್ಲವೆಂದು ನೋಡಿದವರ ಮಾತು.’

ಸರ್ ಓದಿ ತಲೆ ಹಿಡಿದುಕೊಂಡರು. ಆ ಇನ್ನೊಬ್ಬರು ಯಾರು ಎಂದು ಕೇಳಿದರು. ಹೇಳಲಿಲ್ಲ. ಸರ್ ಕಟ್ಟಿದ ಗಂಟು ಬಿಚ್ಚಿದ್ದು ವಾರ್ಡನ್ ಕಿವಿಗೆ ಬಿದ್ದರೆ ಚಂದವ್ವನ ಕೆಲಸ ಏನಾದೀತು?

ಡ್ರಾಯರಿನಿಂದ ಪೆನ್ಸಿಲ್ ಕೆತ್ತುವ ಅರ್ಧ ಬ್ಲೇಡ್ ತೆಗೆದು ನನ್ನ ಮುಂದೆ ಇಟ್ಟರು.

“ಐದ ಪುಟ. ಒಂದ ನಿಮಿಷದ ಕೆಲಸ. ನಾ ಇನ್ನೂ ಟೆಂಪರರಿ ಅದೇನವ್ವಾ. ಇಂಥಾದಕ್ಕ ಸಹಿ ಮಾಡಿ ಏನಂತ ಹೇಳ್ಲಿ ಎಕ್ಸ್‌ಟರ್ನಲ್‌ಗೆ? ನೀ ಹಟಾ ಹಿಡದ್ರ ನಿನ್ನ ವರ್ಷ ಹೋಗ್ತದ.”

“ಹೋಗ್ಲಿರಿ ಸರ್. ನಾ ಕಂಡದ್ದ ನಾ ಹರಿಯಂಗಿಲ್ಲ.”

ಯಾರು ಆಡಿದ್ದು ಈ ಮಾತು? ನಾನೇ. ಹೊರಗೆ ಬಂದು ಬೇವಿನ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದುಕೊಂಡು ಬಾಟನಿ ಕ್ಲಾಸಿಗೆ ಹೋದೆ.

೯ ಮಾರ್ಚ್

ಇಂದ್ರಾ ಹೇಳಿಬಿಟ್ಟಿದ್ದಾಳೆ. ಎಲ್ಲವನ್ನೂ, ಚಂದವ್ವನಿಗೆ. ಹೆಪ್ಪಾಗದ್ದೇ ಬೇಕಾಗಿತ್ತು, ನೀನು ಮಾನ ಉಳಿಸಿ ವರ್ಷ ಕಳೆದೆ ಎಂದು.

ಮಧ್ಯಾಹ್ನ ಲ್ಯಾಬ್‌ನಲ್ಲಿದ್ದೆವು. ಬಾಗಿಲಲ್ಲಿ ಚಂದವ್ವ. ಒಗೆದ ಸೀರೆ, ತಲೆ ತುಂಬ ಸೆರಗು. ಆರು ವರ್ಷ ಈ ಕಾಲೇಜಿನ ಹುಡುಗಿಯರಿಗೆ ಅಡಿಗೆ ಮಾಡಿದ್ದಾಳೆ, ಗೇಟಿನ ಒಳಗೆ ಬಂದದ್ದು ಇವತ್ತೇ. ಚಪ್ಪಲಿ ಹೊರಗೆ ಬಿಟ್ಟು ಬಂದಳು. ಹುಡುಗರು ಪಿಸುಗುಟ್ಟಿದರು. ಆಕೆ ಯಾರ ಕಡೆಯೂ ನೋಡಲಿಲ್ಲ.

“ಸರಾ, ಗಂಟ ಬಿಚ್ಚಿದಾಕಿ ನಾನ್ರಿ. ಆ ಬಟ್ಟಲ ಹೆಪ್ಪಾಗಿದ್ದಿಲ್ರಿ. ಇಪ್ಪತ್ತ ವರ್ಷಾತು ಹೆಪ್ಪ ಹಾಕಾಕತ್ತೇನಿ, ಹಾಲ್ಯಾವ್ದು ಮೊಸರ್ಯಾವ್ದು ನನಗ ತಿಳೀತೈತ್ರಿ. ಈ ಹುಡುಗಿ ಸುಳ್ಳ ಬರದಿಲ್ರಿ.”

ಸರ್ ಎಷ್ಟು ಹೊತ್ತಿಗೆ ನೋಡಿದೆ ಎಂದು ಕೇಳಿದರು. ಮೊದಲ ಬಸ್ಸು ಹಾರ್ನ್ ಹೊಡೆಯುವ ಮುಂಚೆ, ನಾಲ್ಕೂವರೆ. ಉಳಿದ ಮೂರು? ಆಗಲೇ ಹೆಪ್ಪಾಗಿದ್ದವು. ಕಸ ಎಷ್ಟಿತ್ತು? ಹೆಬ್ಬೆರಳ ಉಗುರಿನಷ್ಟು. ಒಂದೊಂದಕ್ಕೂ ತಡವರಿಸದೆ ಉತ್ತರ. ಸರ್ ಕೇಳುವ ದನಿ ಬದಲಾಗುತ್ತ ಹೋಯಿತು, ವೈವಾದ ಬಾಯಿಪರೀಕ್ಷೆಯಲ್ಲಿ ಒಳ್ಳೆಯ ಹುಡುಗ ಸಿಕ್ಕಾಗ ಕೇಳುವ ಹಾಗೆ.

ಕೊನೆಗೆ ಸುಸ್ತಾದವರಂತೆ, ಬಾಯಿಮಾತು ಜರ್ನಲ್‌ಗೆ ನಡೆಯುವುದಿಲ್ಲ ಎಂದರು. ಬರೆದದ್ದಕ್ಕೆ ಹೆಬ್ಬೆಟ್ಟು ಒತ್ತಿದರೆ ನಡೆಯುತ್ತದೋ ಎಂದು ಚಂದವ್ವ ಕೇಳಿದಳು. ಸರ್ ಬೇಡವೆನ್ನಲಿಲ್ಲ. ಧೂಳಪ್ಪ ಆಫೀಸಿನಿಂದ ಇಂಕ್ ಪ್ಯಾಡ್ ತಂದ. ಚಂದವ್ವ ಹೇಳಿದ ಹೊತ್ತು, ಅಳತೆ ಎಲ್ಲ ನಾನು ಬರೆದೆ, ಓದಿ ಹೇಳಿದೆ. ಅವಳು ಒತ್ತಿದಳು. ಮೂವತ್ತೈದನೆಯ ಪುಟದ ಕೆಳಗೆ, ನೀಲಿ.

ಸರ್ಟಿಫಿಕೇಟ್ ಪುಟ ಇನ್ನೂ ಖಾಲಿ. ಸರ್ ಅದನ್ನು ತೆರೆಯಲಿಲ್ಲ. ಆದರೆ ಬ್ಲೇಡ್ ಅನ್ನು ಡ್ರಾಯರಿಗೆ ಹಾಕಿದರು.

೧೩ ಮಾರ್ಚ್

ಇಂದೂ ಸಹಿಗಾಗಿ ಹೋಗಿ ನಿಂತೆ. ಇಲ್ಲ. ವಾರ್ಡನ್‌ಗೆ ಯಾರೂ ಹೇಳಿಲ್ಲ, ಅಷ್ಟು ಸಮಾಧಾನ. ಇಂದ್ರಾ ಅತ್ತಳು, ತಾನೇ ಎಲ್ಲ ಹಾಳು ಮಾಡಿದೆನೆಂದು. ಅವಳಿಗೆ ಹೇಗೆ ಹೇಳಲಿ, ಈಗ ಹರಿದರೆ ಚಂದವ್ವನ ಹೆಬ್ಬೆಟ್ಟನ್ನು ಹರಿದ ಹಾಗೆ ಎಂದು. ಮೊದಲಾದರೂ ಒಂದು ದಾರಿ ಇತ್ತು. ಈಗ ಆ ದಾರಿಯೇ ಇಲ್ಲ. ವಿಚಿತ್ರ, ಅದರಿಂದ ಹೊಟ್ಟೆ ಹಗುರಾಗಿದೆ.

೧೪ ಮಾರ್ಚ್, ಮಂಗಳವಾರ. ಸಂಜೆ

ಎಕ್ಸ್‌ಟರ್ನಲ್ ಮುದ್ದೇಬಿಹಾಳದವರು. ದಪ್ಪ ಕನ್ನಡಕ, ಎಲೆ ಅಡಿಕೆ. ನನ್ನ ನಂಬರ್ ಕರೆದಾಗ ಖಾಲಿ ಸರ್ಟಿಫಿಕೇಟ್ ತೆರೆದು ಸರ್ ಕಡೆ ನೋಡಿದರು. ಇವಳನ್ನು ಕೂಡಿಸಬೇಕೋ ಬೇಡವೋ ಎಂದು ಕೇಳಿದರು.

ಸರ್ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

“ಹಾಜರಿ ಪೂರಾ ಐತ್ರಿ. ಕೂಡ್ಲಿ. ಜರ್ನಲ್ ನಾ ಸರ್ಟಿಫೈ ಮಾಡಿಲ್ಲ. ನೀವ ಒಮ್ಮಿ ಓದ್ರಿ.”

ಕೂತೆ! ಜಿರಲೆ ಕೊಯ್ದೆ, ನರ ಸರಿಯಾಗಿ ಬಂತು. ಕೊನೆಗೆ ವೈವಾ. ಅವರು ನನ್ನ ಜರ್ನಲ್ ಓದುತ್ತಲೇ ಇದ್ದರು. ಹೆಬ್ಬೆಟ್ಟು ಯಾರದು ಎಂದರು. ಹೇಳಿದೆ. ಹೊಳೆಯಲ್ಲಿ ಸ್ಪಂಜು ಇರುವುದನ್ನು ಓದಿದ್ದೇನೆ, ಕಂಡಿರಲಿಲ್ಲ, ಎಲ್ಲಿ ಸಿಕ್ಕಿತು ಎಂದರು.

“ಆಲಮೇಲದ ಹೊಳಿ ದಂಡಿಗ್ರಿ.”

“ಐದನೇದ ಕೆಟ್ಟಾತು. ಆರನೇದ ಎಲ್ಲೈತಿ?”

ಪರೀಕ್ಷೆ ಬಂತು ಎಂದೆ. ಪರೀಕ್ಷೆ ವರ್ಷ ವರ್ಷವೂ ಬರುತ್ತದೆ ಎಂದರು. ಆಮೇಲೆ ಕಾಯಿದೆ ಕಾಯಿದೆಯೇ, ಸಹಿ ಇಲ್ಲದ ಜರ್ನಲ್‌ಗೆ ಮಾರ್ಕ್ಸ್ ಕೊಡಲಾರೆ ಎಂದು ನನ್ನ ಕಣ್ಣೆದುರೇ ಹತ್ತಕ್ಕೆ ಸೊನ್ನೆ ಬರೆದರು.

ಸೊನ್ನೆ. ಉಳಿದದ್ದರಲ್ಲಿ ಪಾಸಾಗಬೇಕು. ಆಗಬಹುದು, ಆಗದಿರಬಹುದು. ಐದೂ ಪುಟ ಇದ್ದಲ್ಲೇ ಇವೆ. ಗೇಟಿನಲ್ಲಿ ಸರ್ ಸೈಕಲ್ ಹಿಡಿದು ನಿಂತಿದ್ದರು. ಹೊಳೆಯ ನೀರು ಎಷ್ಟು ದಿನ ಇರುತ್ತದೆ ಎಂದು ಕೇಳಿದರು. ಇನ್ನೊಂದು ಹದಿನೈದು ದಿನ ಎಂದೆ. ತಲೆಯಾಡಿಸಿ ಹೋದರು.

೧೬ ಮಾರ್ಚ್. ಆಲಮೇಲ. ಬೆಳಿಗ್ಗೆ ೫.೪೦

ಥಿಯರಿ ಪರೀಕ್ಷೆಗೆ ಹನ್ನೆರಡು ದಿನ. ಓದಲು ಊರಿಗೆ ಬಂದಿದ್ದೇನೆ ಎಂದು ಎಲ್ಲರೂ ತಿಳಿದಿದ್ದಾರೆ. ನಿನ್ನೆ ನೀರು ಮೊಣಕಾಲಿಗೂ ಇರಲಿಲ್ಲ, ಕಲ್ಲಿನ ಅರ್ಧ ಒಣಗಿತ್ತು. ನೀರಿನೊಳಗಿನ ಅರ್ಧ ಹಸಿರು.

ಆರನೇ ಟ್ರಯಲ್. ಈ ಸಲ ಅಮ್ಮಾನನ್ನು, ದಾದಾನನ್ನು ಎದುರು ಕೂಡಿಸಿಕೊಂಡು ಮೊದಲೇ ಎಲ್ಲ ಹೇಳಿದೆ. ಯಾವ ಬಟ್ಟಲು ಹೆಪ್ಪಾಗಬೇಕು, ಯಾವುದು ಆಗಬಾರದು, ಆಗಿಬಿಟ್ಟರೆ ಅದನ್ನೂ ಬರೆಯುತ್ತೇನೆ, ಯಾರೂ ನನ್ನ ಮಾನ ಉಳಿಸಬೇಡಿ ಎಂದು. ದಾದಾ ಅಡಿಗೆಮನೆಯ ಹೊಸ್ತಿಲಲ್ಲೇ ಚಾಪೆ ಹಾಸಿ ಮಲಗಿದ್ದರು. ಈಗ ಎದ್ದು ಕಂದೀಲು ಹಿಡಿದಿದ್ದಾರೆ.

ಒಂದು — ಮೊಸರು.

ಮೂರು — ಮೊಸರು.

ನಾಲ್ಕು — ಮೊಸರು, ಮೇಲೆ ಸ್ವಲ್ಪ ನೀರು ಬಿಟ್ಟಿದೆ.

ಎರಡು. ದಾರ ಬಿಚ್ಚಿದೆ. ಬಟ್ಟೆ ತೆಗೆದೆ. ಓರೆ ಮಾಡು ಎನ್ನುತ್ತಿದ್ದಾರೆ ದಾದಾ, ಪೆನ್ನು ಕೆಳಗಿಟ್ಟು ಎರಡೂ ಕೈಯಿಂದ ಓರೆ ಮಾಡುತ್ತೇನೆ. ಹರಿದರೂ, ಹೆಪ್ಪಾಗಿದ್ದರೂ, ಕಂಡದ್ದನ್ನೇ ಬರೆಯುತ್ತೇನೆ.